ಹೊಸ್ತಿಲತನಕ ಬಂದ ಹೆಜ್ಜೆ

ಹಸಿ ಹೆಜ್ಜೆ ಇಂದೂ ಬಂದಿದ್ದವು. ಕಾಗಿಣಾ ಹೊಳೆಯಿಂದ ಹತ್ತಿ, ಓಣಿಯ ಹಾಸುಗಲ್ಲಿನ ಮೇಲೆ ಸಾಲಾಗಿ ನಡೆದು, ಗುಲ್ಶನ್‌ಳ ಹೊಸ್ತಿಲ ಮುಂದೆ ನಿಂತು, ಬಂದ ದಾರಿಯಲ್ಲೇ ಹೊರಳಿದ್ದವು. ಹೆಣ್ಣಿನ ಬರಿಗಾಲು. ನೋಡನೋಡುತ್ತ ಬಿಸಿಲು ಅವನ್ನು ಹೀರಿಕೊಂಡಿತು.

ಶಹಾಬಾದಿನ ಅಂಚಿಗೆ, ಹೊಳೆದಂಡೆಯ ಆ ಓಣಿಯಲ್ಲಿ ಇರುವುದೇ ಒಂಬತ್ತು ಮನೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ನಾಯಿಯೂ ತಲೆ ಹೊರಗೆ ಹಾಕುವುದಿಲ್ಲ. ಹೊಲಿಗೆ ಮಾಡಿಕೊಂಡು ಒಬ್ಬಳೇ ಇರುವ ಗುಲ್ಶನ್‌ಗೆ ಮಷೀನು ತುಳಿಯಲು ಕಾಲು ಏಳಲಿಲ್ಲ.

"ಮತ್ಯಾರಲ್ಲ, ಆ ಹೊಳಿಪಾಲಾದ ದಾನೇಶ್ವರಿ," ಎಂದಳು ಪಕ್ಕದ ಮನೆಯ ರತ್ನಾಬಾಯಿ. "ಹ್ವಾದ ತಿಂಗಳ ಗಂಡನ್ನ ಒಯ್ದಳು. ಈಗ ನಿನ್ನ ಬಾಗಿಲಿಗಿ ಬರ್ಲಿಕತ್ತಾಳ. ದರ್ಗಾಕ್ಕ ಹೋಗಿ ತಾಯತಾ ಕಟ್ಟಿಸ್ಕೊ."

ತನ್ನ ಬಾಗಿಲಿಗೇ ಏಕೆಂದು ಗುಲ್ಶನ್ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಹೊಳೆ ಓಣಿಗೆ ನುಗ್ಗಿದ ದಿನ, ಕತ್ತಿನಮಟ್ಟ ನೀರಿನಲ್ಲಿ ದಾನೇಶ್ವರಿಯ ಕೈ ಹಿಡಿದಿದ್ದವಳು ಅವಳೇ. ಇನ್ನೊಂದು ಕೈಯಲ್ಲಿ ಬೇವಿನ ಕೊಂಬೆ. ನೀರು ಒಮ್ಮೆ ಒದ್ದುಕೊಂಡು ಬಂತು. ಕೈ ಖಾಲಿಯಾಯಿತು. ತವರೂರು ದಂಡೋತಿಯ ಹೊಳೆಯಲ್ಲಿ ಈಜಿ ಬೆಳೆದ ಹೆಣ್ಣು ಹೆಣವಾಗಿಯೂ ಸಿಗಲಿಲ್ಲ.

ತನ್ನ ಕೈ ಸೋತದ್ದನ್ನು ಗುಲ್ಶನ್ ಯಾರಿಗೂ ಹೇಳಲಿಲ್ಲ. ಆ ಪಾಪಕ್ಕೆಂದು ದಾನೇಶ್ವರಿಯ ಗಂಡ ಜಟ್ಟೆಪ್ಪನಿಗೆ ಮೂರು ವರ್ಷ ದಿನಾ ರೊಟ್ಟಿ ಬಡಿದು ಕೊಟ್ಟಳು. ಒಂದು ಕಾಲಕ್ಕೆ ಆ ಮನೆಯಲ್ಲಿ ಅವನ ದನಿಯೂ ಕೈಯೂ ಏರಿದರೆ ಓಣಿಯವರು ಟಿವಿಯ ದನಿ ಏರಿಸುತ್ತಿದ್ದರು. ಹೆಂಡತಿ ಹೋದಮೇಲೆ ಮಾತೇ ಇಲ್ಲದೆ ಕುಡಿದ, ಕುಡಿದೇ ಸತ್ತ. ಮಣ್ಣಾದ ಒಂಬತ್ತನೆಯ ದಿನ ಮೊದಲ ಹೆಜ್ಜೆ ಕಂಡಿತು.

ಗುಲ್ಶನ್ ತಾಯತ ಕಟ್ಟಿಸಲಿಲ್ಲ. ಮರುದಿನ ಮಧ್ಯಾಹ್ನದ ಜೋಹರ್ ನಮಾಜು ಮುಗಿಸಿ, ಬಾಗಿಲ ಹಿಂದೆ ಚಾಪೆ ಹಾಸಿ ಕುಳಿತಳು.

ಕಲ್ಲಿನ ಮೇಲೆ ಒದ್ದೆ ಪಾದದ ಸದ್ದು. ಹತ್ತಿರ ಬಂತು. ನಿಂತಿತು. ಅವಳು ಚಿಲಕ ತೆಗೆದಳು.

ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕಿಸುತ್ತ ದಾನೇಶ್ವರಿ ನಿಂತಿದ್ದಳು. ಅದೇ ಮುಖ. ಹುಬ್ಬಿನ ಮೇಲಿನ ಹಳೆಯ ಗಾಯವೂ ಅದೇ.

ಗುಲ್ಶನ್ ಕುಸಿದಳು. "ತಪ್ಪಾತು, ದಾನೇಶ್ವರಿ. ನನ್ನ ಕೈ ಸೋತ್ತು. ಬೇಕಾದ್ರ ನನ್ನ ಕರ್ಕೊಂಡು ಹೋಗು. ಹಿಂಗ ದಿನಾ ಬಂದು ಹೊಳ್ಳಿ ಹೋಗಬ್ಯಾಡ."

ಹೊಸ್ತಿಲಾಚೆಯಿಂದ ಎರಡು ಕೈ ಬಂದು ಅವಳ ರಟ್ಟೆ ಹಿಡಿದು ಎತ್ತಿದವು. ಬೆಚ್ಚಗಿದ್ದವು, ಬೆವರಿದ್ದವು.

"ತಾಂಡೂರಿನಾಗ ಅಡಗಿ ಕೆಲಸ ಮಾಡ್ಕೊಂಡಿದ್ದೆ, ಆಪಾ. ಅವ ಸತ್ತ ಸುದ್ದಿ ಕೇಳಿ ಆಚಿ ದಂಡಿ ಗೆಳತಿ ಮನಿಗಿ ಬಂದೀನಿ. ದಿನಾ ಹೊಳಿ ಹಾಯ್ದು ನಿನ್ನ ಬಾಗಿಲತನಕ ಬರ್ತಿದ್ದೆ. ಬಡೀಲಿಕ್ಕ ಧೈರ್ಯ ಆಗ್ತಿರಲಿಲ್ಲ." ದಾನೇಶ್ವರಿ ಹಿಡಿದ ರಟ್ಟೆ ಬಿಡಲಿಲ್ಲ.

"ನಿನ್ನ ಕೈ ಸೋತಿರಲಿಲ್ಲ. ನಾನೇ ಬಿಡಿಸ್ಕೊಂಡೆ."