ನೀಲಿಗೆ ತಿರುಗದ ಸ್ಲೈಡು

ಚಿನ್ಮಯಿ ಸ್ಲೈಡುಗಳ ಟ್ರೇಗೆ ದುಪಟ್ಟಾ ಮುಚ್ಚಿಕೊಂಡು ಹಿಂಬಾಗಿಲಿನಿಂದ ಜಾರಿಕೊಂಡಳು. ಇವತ್ತೂ! ಶಿವದೇವಿ ಹಲ್ಲು ಕಚ್ಚಿದಳು. ಬಣ್ಣ ಹಾಕುವ ಕೆಲಸವೆಲ್ಲ ಒಳಗಿರುವಾಗ ಇವಳಿಗೆ ಹೊರಗೇನು ಕಾರುಬಾರು?

ತಾರ್ನಾಕದ ಆ ಲ್ಯಾಬಿನಲ್ಲಿ ಶಿವದೇವಿ ಹೇಳಿದ್ದೇ ಕಾನೂನು. ರೋಗಿಯ ಮೈಮೇಲಿನ ಗಂಟಿನಿಂದ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಸ್ಲೈಡಿನ ಮೇಲೆ ಹಾಸಿ ಬಣ್ಣ ಕುಡಿಸುವುದು ಅವಳ ಕಸುಬು. ಬಣ್ಣದಿಂದ ಎತ್ತಿದಾಗ ಚೂರು ಕೆಂಪಗಿರುತ್ತದೆ. ನೀರಿನಲ್ಲಿ ತೊಳೆದರೆ ನೀಲಿಗೆ ತಿರುಗಬೇಕು. ತಿರುಗಿದರೆ ತಾನೆ ಗಂಟು ಎಂಥದ್ದೆಂದು ಡಾಕ್ಟರಿಗೆ ತಿಳಿಯುವುದು! ಅವಳ ಕೈಯಲ್ಲಿ ಅದು ಎಂದೂ ತಪ್ಪಿದ್ದಿಲ್ಲ. ಈಗ ದಿನಾ ತಪ್ಪುತ್ತಿದೆ. ಎಷ್ಟು ತೊಳೆದರೂ ಅದೇ ದರಿದ್ರ ಕೆಂಪು.

ಬೆಳಿಗ್ಗೆ ಡಾಕ್ಟರ್ ಜನಾರ್ದನ ಅವಳ ಸ್ಲೈಡುಗಳನ್ನು ಪಕ್ಕಕ್ಕೆ ತಳ್ಳಿದ್ದರು.

“ಏನ್ರಿ ಶಿವದೇವಿಯವ್ರ, ಮತ್ತ ಕೆಂಪ ಐತಲ್ರಿ? ಚಿನ್ಮಯಿ ಮಾಡಿದ್ದು ನೋಡ್ರಿ, ಭಾಳ ಛಲೋ ಐತಿ. ಸಂಜಿಗೆ ನಿಮ್ಮದೂ ಹಂಗ ಬರಲಿಲ್ಲಂದ್ರ, ನಾಳಿಂದ ನೀವು ಕಂಪ್ಯೂಟರ್ ಮುಂದ ಕುಂತು ರಿಪೋರ್ಟ್ ಟೈಪ್ ಮಾಡ್ರಿ. ಬಣ್ಣದ ಕೆಲಸ ಆಕಿ ನೋಡ್ಕೋತಾಳ.”

ಕಂಪ್ಯೂಟರ್! ಊರಿಗೆ ಊರೇ ಅಮೀರ್‌ಪೇಟೆಯ ಕ್ಲಾಸುಗಳಿಗೆ ಓಡುತ್ತಿದೆ, ಓಡಲಿ. ಕೂದಲು ಹಣ್ಣಾದ ಮೇಲೆ ತಾನೂ ಕೀಬೋರ್ಡ್ ಕುಟ್ಟುತ್ತ ಕೂರಬೇಕೆ? ಶಿವದೇವಿಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಈ ಕಾಟ ಶುರುವಾದದ್ದು ಯುಗಾದಿಗೆ, ಈ ಹುಡುಗಿ ಬಂದಾಗಿನಿಂದ. ಕೆಲಸ ಹೆಚ್ಚಿದೆ, ಇನ್ನೊಬ್ಬಳು ಬೇಕು, ನೀರಿಗೊಂದು ಫಿಲ್ಟರೂ ಬೇಕು ಎಂದು ಡಾಕ್ಟರ ಬೆನ್ನು ಹತ್ತಿದವಳು ತಾನೇ. ಎರಡೂ ಒಟ್ಟಿಗೇ ಬಂದವು. ಒಳಗಿನ ನಲ್ಲಿಗೆ ಫಿಲ್ಟರು ಕೂತಿತು. ತನ್ನ ತಲೆಯ ಮೇಲೆ ಈ ಹುಡುಗಿ ಕೂತಳು.

ಬಣ್ಣಕ್ಕೆ ಏನಾದರೂ ಬೆರೆಸುತ್ತಾಳೋ? ಶಿವದೇವಿ ಹೊಸ ಬಾಟಲಿ ತರಿಸಿ ಬೀರುವಿನಲ್ಲಿಟ್ಟು ಬೀಗ ಜಡಿದಳು. ಚಿನ್ಮಯಿಗೆ ಬೇಕಾದಷ್ಟನ್ನು ತಾನೇ ಸುರಿದು ಕೊಟ್ಟಳು. ಆದರೂ ಅವಳದು ನೀಲಿ, ತನ್ನದು ಕೆಂಪು! ಫಿಲ್ಟರಿನ ಕನ್ನಡಿಯಂಥ ನೀರಿನಲ್ಲಿ ಬೆರಳು ಸುಕ್ಕುಗಟ್ಟುವವರೆಗೂ ತೊಳೆದದ್ದಾಯಿತು.

ಇವತ್ತು ಬಿಡಬಾರದು. ತೊಳೆಯುತ್ತಿದ್ದ ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಹಿಂಬಾಗಿಲು ದಾಟಿದಳು.

ಹಿತ್ತಲಲ್ಲಿ ಬೋರ್‌ವೆಲ್ಲಿನ ನಲ್ಲಿ. ಬೇಳೆ ಬೇಯದಂಥ ಗಡಸು ನೀರು. ಬಕೆಟ್ಟಿನ ತುಂಬ ಬಿಳಿ ಹಕ್ಕಳೆ. ಚಿನ್ಮಯಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

“ಏನ ಮಾಡಾಕತ್ತೀ ಇಲ್ಲಿ? ನನ್ನ ಅನ್ನಕ್ಕ ಮಣ್ಣ ಹಾಕಬೇಕಂತ ಮಾಡೀಯೇನ?”

ಹುಡುಗಿ ಬೆಚ್ಚಿ ಎದ್ದಳು. “ಸ್ಲೈಡ್ ತೊಳ್ಯಾಕತ್ತೀನ್ರಿ ಅಕ್ಕಾರ. ಧೂಳ ಬೀಳಬಾರದಂತ ಮುಚ್ಕೊಂಡ ಬಂದೀನ್ರಿ, ಅಷ್ಟ.”

“ಸುಳ್ಳ! ಬರೇ ತೊಳದ್ರ ಆಗೂದಿದ್ರ ನಂದ್ಯಾಕ ನೀಲಿ ಆಗವಲ್ದು?” ಶಿವದೇವಿ ತನ್ನ ಸ್ಲೈಡನ್ನು ಅವಳ ಮುಖಕ್ಕೆ ಹಿಡಿದಳು.

ಚಿನ್ಮಯಿ ಅದನ್ನು ಇಸಿದುಕೊಂಡು ಬಕೆಟ್ಟಿಗೆ ಅದ್ದಿದಳು. ನೋಡುನೋಡುತ್ತಿದ್ದಂತೆ ಕೆಂಪು ಸರಿಯಿತು. ನೀಲಿ ಹತ್ತಿತು.

ಶಿವದೇವಿ ಬಕೆಟ್ಟಿನ ಮೇಲೆ ಬಾಗಿದಳು. ಅಯ್ಯೋ, ಬಣ್ಣ ತಿರುಗಿಸುತ್ತಿದ್ದುದು ಈ ಹಾಳು ಗಡಸು ನೀರೇ! ಯುಗಾದಿಯವರೆಗೆ ಒಳಗಿನ ನಲ್ಲಿಯಲ್ಲಿ ಬರುತ್ತಿದ್ದುದೂ ಇದೇ ನೀರು; ಫಿಲ್ಟರು ಕೂತು ಆ ಗಡಸನ್ನೇ ತೆಗೆದುಹಾಕಿತ್ತು.

“ಈ ಗುಟ್ಟ ನಿನಗ ಯಾರ ಹೇಳಿದ್ರು?”

“ಗುಟ್ಟ ಏನಿಲ್ರಿ ಅಕ್ಕಾರ,” ಹುಡುಗಿ ಅಂಜುತ್ತ ಅಂದಳು. “ಫಿಲ್ಟರ್ ನೀರು ನನಗಷ್ಟ, ನೀ ಅದನ್ನ ಮುಟ್ಟಬ್ಯಾಡ ಅಂತ ಬಂದ ದಿನಾನ ನೀವು ಹೇಳಿದ್ರಲ್ರಿ.”