ನಿಲ್ಲದ ಮುಳ್ಳು

ಸಂಜೆ ನಾಲ್ಕಕ್ಕೆ ಗುಜರಿಯ ಹಾಜಿಮಲಂಗ ಬಂದು ಮಿಲ್ಲಿಂಗ್ ಮಷಿನ್ ಒಯ್ಯುತ್ತಾನೆ, ಅಷ್ಟರೊಳಗೆ ಏನಾದರೂ ಮಾಡು ಎಂದು ರುಕ್ಮಿಣೀಬಾಯಿ ಫೋನು ಮಾಡಿದಾಗ ಕಾಂತು ತನ್ನ ವರ್ಕ್‌ಶಾಪಿನಲ್ಲಿ ಲೇಥಿನ ಮುಂದಿದ್ದ. ಕೈ ಒರೆಸಿಕೊಂಡು, ಶಟರ್ ಅರ್ಧ ಎಳೆದು, ಇಂಡಿ ಪಟ್ಟಣದ ಆ ತುದಿಯಿಂದ ಈ ತುದಿಗೆ ಗಾಡಿ ಹೊಡೆದ. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ತಪ್ಪು ಮಷಿನ್ನಿನದಲ್ಲ ಎಂಬುದು ಅವನಿಗೆ ಹದಿನೈದು ದಿನದಿಂದ ಗೊತ್ತಿತ್ತು.

ರುಕ್ಮಿಣೀಬಾಯಿಯ ಗಂಡ ಗೋವಿಂದರಾಯರು ಐಟಿಐಯಲ್ಲಿ ಅವನಿಗೆ ಪಾಠ ಹೇಳಿದ ಸರ್. ಮೂವತ್ತೊಂದು ವರ್ಷ ಅಳತೆ, ಲೆಕ್ಕ ಕಲಿಸಿದರು, ಎಲ್ಲಾ ಕರಿಹಲಗೆಯ ಮೇಲೆ. ಕಬ್ಬಿಣ ಕೊಯ್ಯಿಸುವುದು ಬೇರೆ ಮಾಸ್ತರರ ಪಾಲಾಗಿತ್ತು. ನಿವೃತ್ತರಾದ ಮೇಲೆ ಸ್ವಂತ ಕೈಯಿಂದ ಒಂದಾದರೂ ಚೌಕ ತುಂಡು ಕೊರೆಯಬೇಕೆಂಬ ಆಸೆ ಹುಟ್ಟಿ, ಪಡಸಾಲೆಗೆ ಕಬ್ಬಿಣ ಕೊರೆಯುವ ಸಣ್ಣದೊಂದು ಮಿಲ್ಲಿಂಗ್ ಮಷಿನ್ ತಂದಿಟ್ಟರು. ಅದರ ತಲೆ, ಅಂದರೆ ಅಲಗು ತಿರುಗುವ ಭಾಗ, ಕೆಳಗಿನ ಕಬ್ಬಿಣದ ಮೇಜಿನ ಮೇಲೆ ನೆಟ್ಟಗೆ ನಿಂತಿದೆಯೋ ಇಲ್ಲವೋ ತಿಳಿಯಲು ಡಯಲ್ ಬೇಕು. ಅದು ನೋಡಲು ಕೈಗಡಿಯಾರದಂತೆ. ತಲೆಗೆ ಕಟ್ಟಿ ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರೆ ಮುಳ್ಳು ಎಲ್ಲಾ ಕಡೆ ಒಂದೇ ಅಂಕಿ ತೋರಿಸಬೇಕು.

ಅದನ್ನು ಕೊಳ್ಳಲು ಸರ್ ಕಾಂತುವನ್ನೂ ಕರೆದೊಯ್ದಿದ್ದರು. ವಿಜಯಪುರದ ಅಂಗಡಿಯವನು ಎರಡು ಡಯಲ್ ಮುಂದಿಟ್ಟಿದ್ದ. ಒಂದರಲ್ಲಿ ಒಂದು ಗೀಟೆಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು, ಇನ್ನೊಂದರಲ್ಲಿ ಸಾವಿರದಲ್ಲೊಂದು ಪಾಲು. ಮನೆಯ ಮಷಿನ್ನಿಗೆ ನೂರರದೇ ಬೇಕಾದಷ್ಟಾಯಿತು. ಕಾಂತು ಇಪ್ಪತ್ತು ವರ್ಷದಿಂದ ಅದರಲ್ಲೇ ಹೊಟ್ಟೆ ಹೊರೆದಿದ್ದ. ಸರ್ ಎರಡನ್ನೂ ಕನ್ನಡಕದ ಹತ್ತಿರ ಹಿಡಿದು ನೋಡಿ, "ಸೂಕ್ಷ್ಮ ಇದ್ದಷ್ಟೂ ಛಲೋ. ಹೌದಲ್ಲೋ?" ಎಂದರು. ಉತ್ತರ ಕಾಂತುವಿನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಟದ್ದು ಮಾತ್ರ, ಮೂರನೇ ಬೆಂಚಿನಲ್ಲಿ ಕೂತು ರೂಢಿಯಾಗಿದ್ದ "ಹೌದ್ರಿ ಸರ್."

ಸಾವಿರದ ಮುಳ್ಳು ಮನೆಗೆ ಬಂದ ದಿನದಿಂದ ನಿಂತಲ್ಲಿ ನಿಲ್ಲಲಿಲ್ಲ. ರಸ್ತೆಯಲ್ಲಿ ಬಸ್ಸು ಹೋದರೆ ಹಾರಿತು, ರುಕ್ಮಿಣೀಬಾಯಿಯವರು ಜೋಳದ ಭಕ್ಕರಿ ಬಡಿದರೆ ಕುಣಿಯಿತು, ಬಿಸಿಲು ಕಿಟಕಿಯೊಳಗೆ ಇಣುಕಿದರೆ ಮೆಲ್ಲಗೆ ಸರಿಯಿತು. ಸರ್ ಒಂದೊಂದೇ ಕಾನೂನು ತಂದರು. ಮೊದಲು ಚಟ್ನಿ ಕುಟ್ಟುವುದು ಬಂದಾಯಿತು, ಆಮೇಲೆ ಏಪ್ರಿಲ್ ತಿಂಗಳಲ್ಲಿ ಫ್ಯಾನು. ಮಧ್ಯಾಹ್ನ ಬಾಯಿಯವರು ಮಂಚದ ಮೇಲೆ ಮಗ್ಗುಲು ಬದಲಿಸಿದರೆ, ಈಗ ಮೂರು ಗೀಟು ಹೋಯಿತು ಎಂದು ಪಡಸಾಲೆಯಿಂದ ಕೂಗಿ ಹೇಳುತ್ತಿದ್ದರು. ಹದಿನೈದನೆಯ ದಿನ, ಮಷಿನ್ನೇ ಕೆಟ್ಟದ್ದು ಎಂದು ತೀರ್ಪು ಕೊಟ್ಟು ಹಾಜಿಮಲಂಗನಿಗೆ ಹೇಳಿ ಕಳಿಸಿದರು.

ಕಾಂತು ಮೆಟ್ಟಿಲು ಹತ್ತುವಾಗಲೇ ರುಕ್ಮಿಣೀಬಾಯಿ ಅಡ್ಡ ನಿಂತು ಪಿಸುಗುಟ್ಟಿದರು.

"ಸೆಕಿ ನಾ ತಡಕೋತೀನಿ, ಕಾಂತೂ. ಆದ್ರ ಆ ಮಷಿನ್ ಹೋತಂದ್ರ ಇವರು ಮತ್ತ ನನ್ನ ಅಡಗಿಮನ್ಯಾಗ ಬಂದು ನಿಂದರ್ತಾರ. ರಿಟೈರ್ ಆದ ಹೊಸತಾಗ ಬದನಿಕಾಯಿ ಹೋಳು ಅಳತಿಪಟ್ಟಿ ಹಚ್ಚಿ ಅಳದಾರ."

ಒಳಗೆ ಸರ್ ಮಷಿನ್ನಿನ ಎದುರು, ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು. ಕಾಂತು ಕಾಲು ಮುಟ್ಟಿ ನಮಸ್ಕರಿಸಿದ. ಮಷಿನ್ ಚೆನ್ನಾಗಿದೆ ಎನ್ನಲು ಎರಡು ಸಲ ಬಾಯಿ ತೆರೆದ. ಎರಡೂ ಸಲ ಸರ್ ಅವನ ಕಡೆ ನೋಡಿದರು, ಬಾಯಿ ತಾನಾಗಿ ಮುಚ್ಚಿಕೊಂಡಿತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಸರ್ ತಪ್ಪಿದ್ದಾರೆ ಎನ್ನಲು ಅವನಿಂದ ಈ ಜನ್ಮದಲ್ಲಿ ಆಗದು. ಪ್ರಶ್ನೆ ಕೇಳುವುದಾದರೆ ಕೇಳಬಹುದೇನೋ.

"ಸರ್, ಒಂದು ಸಂಶಯ ಐತ್ರಿ."

ಗೋವಿಂದರಾಯರ ಬೆನ್ನು ನೆಟ್ಟಗಾಯಿತು. ಎಲ್ಲಿತ್ತೋ, ಜೇಬಿನಿಂದ ಒಂದು ಸೀಮೆಸುಣ್ಣದ ತುಂಡು ಹೊರಬಂತು. ಈ ಮೇಜಿನ ಮೈಯಲ್ಲೇ ಎಷ್ಟು ಏರುಪೇರು ಇದ್ದೀತು ಎಂದು ಕಾಂತು ಕೇಳಿದ. ಇಂಥ ಮಷಿನ್ನಿನಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಇದ್ದೇ ಇರುತ್ತದೆ ಎಂದು ಸರ್ ಖುಷಿಯಿಂದ ವಿವರಿಸಿದರು. ಸಾವಿರದ ಲೆಕ್ಕದಲ್ಲಿ ಅದು ಎಷ್ಟಾಯಿತು ಎಂದು ಕೇಳಿದ. ಸರ್ ನೆಲದ ಫರ್ಶಿ ಕಲ್ಲಿನ ಮೇಲೆ ಇಪ್ಪತ್ತು ಎಂದು ಬರೆದರು.

"ಈ ಡಯಲ್‌ನ್ಯಾಗ ನಾವು ಹುಡುಕಾಕತ್ತಿದ್ದು ಎಷ್ಟು ಪಾಲ್ರಿ ಸರ್?"

ಸರ್ ಇಪ್ಪತ್ತರ ಕೆಳಗೆ ಒಂದು ಎಂದು ಬರೆದರು. ಸೀಮೆಸುಣ್ಣ ಅಲ್ಲೇ ನಿಂತಿತು. ಅಳಿಸಿ ಮತ್ತೆ ಬರೆದರು. ಮತ್ತೆ ಒಂದೇ ಬಂತು. "ಅಂದ್ರ ಡಯಲ್ಲೇ ಹೆಚ್ಚು ಸೂಕ್ಷ್ಮ ಆತು, ಮಷಿನ್ನಿಗೆ ಏನೂ ಆಗಿಲ್ಲ," ಎಂದು ತಮಗೇ ಹೇಳಿಕೊಂಡರು.

ಕಾಂತು ಕೈಚೀಲದಿಂದ ತನ್ನ ಹಳೆಯ ನೂರರ ಡಯಲ್ ತೆಗೆದು ಕಟ್ಟಿದ. ಮರದ ಸುತ್ತಿಗೆಯಿಂದ ಮಷಿನ್ನಿನ ತಲೆಗೆ ಎರಡು ಸಣ್ಣ ಏಟು ಹಾಕಿ ನೆಟ್ಟಗೆ ಮಾಡಿ, ಒಂದು ಸುತ್ತು ತಿರುಗಿಸಿದ. ಮುಳ್ಳು ಎರಡು ಗೀಟಿನೊಳಗೆ ಹೋಗಿ ಬಂತು, ಅಷ್ಟೇ. ಸರ್ ಹಾಜಿಮಲಂಗನಿಗೆ ಫೋನು ಹಚ್ಚಿ ಬರಬೇಡ ಎಂದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಇದು ನಿನಗ ಅಂಗಡ್ಯಾಗನ ಗೊತ್ತಿತ್ತೇನು?"

"ಹೌದ್ರಿ ಸರ್."

"ಮತ್ಯಾಕ ಹೇಳಲಿಲ್ಲ?"

"ನೀವು ನಮ್ಮ ಸರ್ ಅಲ್ಲೇನ್ರಿ?"

ಗೋವಿಂದರಾಯರು ಬೆರಳಿಗೆ ಅಂಟಿದ ಸುಣ್ಣ ನೋಡುತ್ತ ಕೂತರು. "ಮೂವತ್ತೊಂದು ವರ್ಷ, ಪ್ರತಿ ತಾಸು ಮುಗದ ಮ್ಯಾಲೆ ಕೇಳ್ತಿದ್ದೆ ನಾನು. ಯಾರಿಗರೆ ಸಂಶಯ ಇದ್ರ ಕೈ ಎತ್ತರಿ ಅಂತ. ಒಬ್ಬನೂ ಎತ್ತಲಿಲ್ಲ. ಎಲ್ಲಾರಿಗೂ ತಿಳದದ ಅಂತ ಹೊರಗ ಬರ್ತಿದ್ದೆ."

ಕಾಂತು ಕಣ್ಣು ತಪ್ಪಿಸಲು ಅಡುಗೆಮನೆಯ ಕಡೆ ನೋಡಿದ. ಬಾಗಿಲಲ್ಲಿ ರುಕ್ಮಿಣೀಬಾಯಿ, ಹಿಟ್ಟು ಮೆತ್ತಿದ ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ನಿಂತಿದ್ದರು.