ಮಾಳಪ್ಪನ ಐದನೇ ದಿನ

ಐದನೇ ದಿನಕ್ಕೇ ಮಾಳಪ್ಪನನ್ನು ಮನೆಗೆ ಕಳಿಸುವ ಮಾತು ಬಂದದ್ದೇ ತಡ, ಹೆಂಡತಿ ಮೈಲಾರವ್ವ ಕೈಯಲ್ಲಿದ್ದ ಚಹಾದ ಲೋಟ ಕುಕ್ಕಿದಳು.

"ಎಂಟು ದಿನ ಅಂದಿದ್ರಿ. ಎಂಟೂ ದಿನ ಇಟ್ಕೊಳ್ರಿ!"

ನವಲಗುಂದದ ಕಲ್ಯಾಣ ಮಂಟಪದಲ್ಲಿ ನಡೆದಿದ್ದ ಆ ಮದ್ಯವರ್ಜನ ಶಿಬಿರದಲ್ಲಿ ಗರ್ಜನೆಗೇನೂ ಬರ ಇರಲಿಲ್ಲ. ಮುಂದೆ ಬಿಳಿ ಟೋಪಿ ಹಾಕಿದ ಮೂವತ್ತು ಗಂಡಸರು, ಹಿಂದೆ ಅವರ ಹೆಂಡಿರು. ಹೆಂಡತಿ ಜೊತೆಗಿಲ್ಲದ ಗಂಡನಿಗೆ ಒಳಗೆ ಜಾಗ ಇಲ್ಲ. ಹೆಂಡ ಬಿಡಬೇಕಾದವನು ಹೆಂಡತಿಯನ್ನು ಬಿಟ್ಟು ಬರುವಂತಿಲ್ಲ!

"ಯವ್ವಾ, ನಿನ್ನ ಗಂಡ ಅಗದಿ ಗಟ್ಟಿ ಆಗ್ಯಾನ," ಅಂದ ಶಿಬಿರ ನಡೆಸುವ ಹುಲಿಗೆಪ್ಪ. "ಮೂರು ರೊಟ್ಟಿ ಉಣ್ತಾನ, ಗೊರಕಿ ಹೊಡಿತಾನ. ಉಳಿದವರು ಇನ್ನೂ ನಡಗಾಕ ಹತ್ಯಾರ. ಸೊರಗಿದಾಕಿ ನೀನು. ಮನಿಗೆ ಹೋಗಿ ಆರಾಮ ಮಾಡು."

ಅದು ಖರೇ. ನಾಲ್ಕು ದಿನದಿಂದ ಅವಳ ಹೊಟ್ಟೆಯಲ್ಲಿ ಅನ್ನ ನಿಂತಿರಲಿಲ್ಲ. ಬೆವರು ಬೇರೆ. ಪಾಪ, ಗಂಡನ ಚಿಂತೆ ಅಂತ ಬಾಜು ಕೂತವರು ಸೆರಗಿನಿಂದ ಗಾಳಿ ಹಾಕಿದ್ದರು.

ಟೋಪಿ ಸಾಲಿನಿಂದ ಬಾಬಾಸಾಬ ಕೆಣಕಿದ: "ಹೆಂಡ್ತಿನ ಹಿಂಗ ಅರ್ಧಾ ಮಾಡೀಯಲ್ಲಲೇ ಮಾಳ್ಯಾ! ಅಂಥಾದ್ದೇನಾಗಿತ್ತಂತ ಕುಡದಿ?"

ಮಾಳಪ್ಪ ತಲೆ ಕೆರೆದುಕೊಂಡ. ತಿರುಗಿ ಹೆಂಡತಿಯ ಕಡೆ ನೋಡಿದ.

"ನಾ ಹೇಳ್ತೀನಿ!" ಮೈಲಾರವ್ವ ಎದ್ದು ನಿಂತಳು. "ಹೊಲದಾಗ ಬೈಸ್ಕೊಂಡು, ಮನ್ಯಾಗ ಬೈಸ್ಕೊಂಡು, ತಿರುಗಿ ಅನ್ನಾಕ ಆಗದ ನುಂಗೂದು. ನುಂಗಿದ ಮಾತು ಗಂಟಲದಾಗ ಸಿಕ್ಕೊಂಡು ಇಳೀವಲ್ದು ಅಂತ ಕುಡಿಯೂದು. ಮೊದಲ ವಾರಕ್ಕೊಮ್ಮಿ. ಆಮ್ಯಾಲ ಮುಂಜಾನೇನ ಬೇಕು. ಬಿಡ್ತೀನಂತ ಮೈಲಾರಲಿಂಗನ ಆಣಿ ಮಾಡೂದು, ಯಾರರ ಒಂದು ಮಾತು ಅಂದ್ರ ಆಣಿ ಮುರಿಯೂದು. ನಾಕು ದಿನ ತಡದದ್ದ ದೊಡ್ಡದು. ಇವತ್ತು ಮನಿಗೆ ಹೋದ್ರ ಸಂಜಿಕ್ಕ ಮತ್ತ ಬಾಟ್ಲಿ. ಕಳಸ್ತೀರೇನು? ಕಳಸ್ರಿ ನೋಡೂಣು!"



"ಗಂಡನ ಒಳಗ ಹೊಕ್ಕು ನೋಡಿ ಬಂದಾಳಲೇ," ಅಂದ ಬಾಬಾಸಾಬ, ಟೋಪಿಯಿಂದಲೇ ಕಣ್ಣೊರೆಸಿಕೊಂಡು.

ಹುಲಿಗೆಪ್ಪ ಸೋತ. "ಆತು ಬಿಡವಾ, ಎಂಟೂ ದಿನ ಮುಗಿಸ್ಕೊಂಡ ಹೋಗ್ರಿ." ಆಮೇಲೆ ಮಾಳಪ್ಪನ ಮೇಲೆ ಹರಿಹಾಯ್ದ. "ಕುಡಿಯೂದ ಇದ್ರ ಇಕಿ ಕಾಲು ತೊಳದ ನೀರು ಕುಡಿಯಲೇ, ಭಾಡ್ಯಾ!"

ಎಲ್ಲರೂ ನಕ್ಕರು. ಮಾಳಪ್ಪನೂ ನಕ್ಕ.

ಊಟದ ಹೊತ್ತಿಗೆ ಹಿತ್ತಲ ನಲ್ಲಿಯ ಹತ್ತಿರ ಇಬ್ಬರೇ ಉಳಿದರು. ಮೈಲಾರವ್ವ ಮುಖಕ್ಕೆ ನೀರು ಬಡಿದುಕೊಂಡು ಮೆಲ್ಲಗೆ ಕೇಳಿದಳು: "ಸಿಟ್ಟು ಬಂದೈತೇನ್ರಿ?"

"ಬಂದೈತಿ," ಅಂದ, ಜೀವಮಾನದಲ್ಲಿ ಒಂದು ಹನಿಯೂ ಮುಟ್ಟದ ಮಾಳಪ್ಪ. "ನಿನ್ನ ಹೆಸರು ಹಚ್ಚಾಕ ಫೋನ್ ಮಾಡಿದ್ರ, ಶಿಬಿರ ಗಂಡಸರಿಗಷ್ಟ ಅಂದು ಇಟ್ಟರಲ್ಲ, ಅವರ ಮ್ಯಾಲ."